ವಾಡಿಕೆ ಮಳೆ ಬಿದ್ದರೂ ಬೆಳೆ ಒಣಗುವುದೇಕೆ?

ಚಿತ್ರದುರ್ಗ, ದಾವಣಗೆರೆ ಕಡೆಯ ಓದುಗರಿಗೆ ಮುಂಗಾರಿನ ನಡುವೆ ಎರಡು ಸುದ್ದಿ ಒಟ್ಟಿಗೇ ಸಿಗುವುದು ಹೊಸತಲ್ಲ. ಒಂದು ಕಡೆ ‘ಜಿಲ್ಲೆಯಲ್ಲಿ ವಾಡಿಕೆ ಮಳೆ’ ಎನ್ನುವ ಅಂಕಿ. ಅದರ ಪಕ್ಕದಲ್ಲೇ ಚಳ್ಳಕೆರೆಯ ಶೇಂಗಾ, ಜಗಳೂರಿನ ಮೆಕ್ಕೆಜೋಳ ಬಾಡಿ ನಿಂತಿರುವ ಫೋಟೊ. ಓದಿದವರಿಗೆ ಥಟ್ಟನೆ ಅನ್ನಿಸುವುದು ಒಂದೇ: ಯಾರೋ ಸುಳ್ಳು ಲೆಕ್ಕ ಕೊಟ್ಟಿದ್ದಾರೆ.

ಹೆಚ್ಚಿನ ಸಲ ಲೆಕ್ಕ ಸರಿಯಾಗಿಯೇ ಇರುತ್ತದೆ. ಒಟ್ಟು ಎಷ್ಟು ಮಳೆಯಾಯಿತು ಎಂದು ಕೇಳಿದರೆ ಸರಾಸರಿ ಉತ್ತರ ಕೊಡುತ್ತದೆ. ಯಾವಾಗ ಬಿತ್ತು, ಎಲ್ಲಿ ಬಿತ್ತು, ಎಷ್ಟು ಏರುಪೇರಾಗಿ ಬಿತ್ತು ಎಂದು ಕೇಳಿದರೆ ಅದರ ಬಳಿ ಉತ್ತರವಿಲ್ಲ. ಆದರೆ ಬರ ಘೋಷಣೆ, ಪರಿಹಾರ, ಬೆಳೆ ವಿಮೆ ಎಲ್ಲದರ ಬುಡದಲ್ಲೂ ಒಂದಲ್ಲ ಒಂದು ಸರಾಸರಿ ಇದೆ. ಹಾಗಾಗಿ ಎಸ್ಸೆಸ್ಸೆಲ್ಸಿಯಲ್ಲಿ ಸುಲಭವಾಗಿ ಅಂಕ ಬರುವ ಪಾಠ ಅಂತ ಓದಿ ಮರೆತ ಸಂಖ್ಯಾಶಾಸ್ತ್ರವನ್ನು ಈ ಸುದ್ದಿಗಾಗಿ ಮತ್ತೆ ತೆರೆಯಬೇಕು.

ವಾಡಿಕೆ ಎಂದರೆ ಎಷ್ಟು?

ಭಾರತೀಯ ಹವಾಮಾನ ಇಲಾಖೆ ಈಗ 1971ರಿಂದ 2020ರವರೆಗಿನ 50 ವರ್ಷಗಳ ಮಳೆಯ ಸರಾಸರಿಯನ್ನು ಆಧಾರವಾಗಿ ಇಟ್ಟುಕೊಂಡಿದೆ. ಜಿಲ್ಲೆಯಲ್ಲಿ ಬಿದ್ದ ಮಳೆ ಈ ಸರಾಸರಿಗಿಂತ ಶೇ 19ರವರೆಗೆ ಕಡಿಮೆ ಇದ್ದರೂ, ಶೇ 19ರವರೆಗೆ ಜಾಸ್ತಿ ಇದ್ದರೂ ಅದು ವಾಡಿಕೆ ಮಳೆಯೇ. ಶೇ 20ರಿಂದ 59ರಷ್ಟು ಕಡಿಮೆಯಾದರೆ ‘ಕೊರತೆ’. ಶೇ 60 ದಾಟಿದರೆ ‘ತೀವ್ರ ಕೊರತೆ’. ಮೇಲಿನ ಕಡೆಗೂ ಇದೇ ಅಳತೆ.

ಅಂದರೆ ವಾಡಿಕೆ ಎನ್ನುವುದು ಒಂದು ಅಂಕಿ ಅಲ್ಲ, ಸಾಕಷ್ಟು ಅಗಲವಾದ ಪಟ್ಟಿ. 400 ಮಿ.ಮೀ. ವಾಡಿಕೆ ಇರುವ ಕಡೆ 324 ಬಿದ್ದರೂ ವಾಡಿಕೆ, 476 ಬಿದ್ದರೂ ವಾಡಿಕೆ. ಎರಡರ ನಡುವೆ 152 ಮಿ.ಮೀ. ವ್ಯತ್ಯಾಸ. ಬಯಲುಸೀಮೆಯಲ್ಲಿ ಅದು ಒಂದು ಬೆಳೆ ಉಳಿಯುವುದಕ್ಕೂ ಹೋಗುವುದಕ್ಕೂ ಇರುವ ವ್ಯತ್ಯಾಸ.

ಎರಡು ವರ್ಷ, ಒಂದೇ ಸರಾಸರಿ

ಲೆಕ್ಕಕ್ಕಾಗಿ ಒಂದು ಹೋಬಳಿಯನ್ನು ಊಹಿಸಿಕೊಳ್ಳೋಣ. ಜುಲೈ, ಆಗಸ್ಟ್‌ನ ಎಂಟು ವಾರಗಳಲ್ಲಿ ಅಲ್ಲಿಯ ವಾಡಿಕೆ ವಾರಕ್ಕೆ 20 ಮಿ.ಮೀ., ಒಟ್ಟು 160.

ಮೊದಲ ವರ್ಷ ವಾರವಾರ ಬಿದ್ದದ್ದು: 22, 18, 25, 15, 20, 19, 21, 20.

ಎರಡನೇ ವರ್ಷ: 70, 4, 0, 0, 2, 0, 6, 78.

ಕೂಡಿ ನೋಡಿ. ಎರಡೂ ವರ್ಷ 160. ಸರಾಸರಿ ಎರಡಕ್ಕೂ 20. ವರದಿಯಲ್ಲಿ ಎರಡೂ ವರ್ಷ ‘ವ್ಯತ್ಯಾಸ ಶೇ 0, ವಾಡಿಕೆ’ ಎಂದೇ ಬರುತ್ತದೆ. ಮೊದಲ ವರ್ಷ ಶೇಂಗಾ ಹೂವಾಗಿ ಕಾಯಿ ಕಟ್ಟಿರುತ್ತದೆ. ಎರಡನೇ ವರ್ಷ ಬಿತ್ತಿದ್ದು ಹುಟ್ಟಿ, ಹೂ ಬಿಡುವ ಹೊತ್ತಿಗೆ ಆರು ವಾರ ಬಿಸಿಲು ತಿಂದು, ಕೊನೆಯ ವಾರದ ಜಡಿಮಳೆಗೆ ಸಿಕ್ಕಿರುತ್ತದೆ. ಆ 78 ಮಿ.ಮೀ. ಲೆಕ್ಕವನ್ನು ಸರಿಮಾಡಿತು, ಬೆಳೆಯನ್ನಲ್ಲ.

ಈಗ ಮಧ್ಯಾಂಕ ನೋಡೋಣ. ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಇಟ್ಟು ನಡುವಿನದನ್ನು ತೆಗೆದುಕೊಂಡರೆ ಅದು ಮಧ್ಯಾಂಕ. ಎಂಟು ಅಂಕಿ ಇದ್ದರೆ ನಡುವಿನ ಎರಡರ ಸರಾಸರಿ. ಮೊದಲ ವರ್ಷಕ್ಕೆ ಇದು 20. ಎರಡನೇ ವರ್ಷದ ಸಾಲು 0, 0, 0, 2, 4, 6, 70, 78, ಮಧ್ಯಾಂಕ 3. ವಾರಕ್ಕೆ 20 ಬಿದ್ದಿದೆ ಎನ್ನುವ ಸರಾಸರಿ, ಅರ್ಧದಷ್ಟು ವಾರಗಳಲ್ಲಿ 3 ಕೂಡ ಬಿದ್ದಿಲ್ಲ ಎನ್ನುವ ಮಧ್ಯಾಂಕ, ಎರಡೂ ನಿಜ. ರೈತನ ಕಣ್ಣಿಗೆ ಕಂಡದ್ದು ಎರಡನೆಯದು.

ಇನ್ನೊಂದು ಅಳತೆ ಮಾನಕ ವಿಚಲನೆ. ಪ್ರತಿ ವಾರದ ಮಳೆ ಸರಾಸರಿಯಿಂದ ಎಷ್ಟು ದೂರ ಇದೆ ನೋಡಿ, ಆ ದೂರಗಳ ವರ್ಗ ಮಾಡಿ, ವರ್ಗಗಳ ಸರಾಸರಿ ತೆಗೆದು, ಅದರ ವರ್ಗಮೂಲ ಕಂಡುಹಿಡಿಯುವುದು. ವರ್ಗ ಮಾಡುವುದು ಏಕೆ? ಸುಮ್ನೆ ಕೂಡಿದರೆ ಹೆಚ್ಚು-ಕಡಿಮೆ ಎರಡೂ ಒಂದನ್ನೊಂದು ಹೊಡೆದುಹಾಕಿ ಉತ್ತರ ಸೊನ್ನೆ ಬರುತ್ತದೆ. ಮೊದಲ ವರ್ಷದ ಮಾನಕ ವಿಚಲನೆ ಸುಮಾರು 2.7 ಮಿ.ಮೀ. ಎರಡನೇ ವರ್ಷದ್ದು ಸುಮಾರು 31.3. ಸರಾಸರಿ 20 ಇದ್ದು ಏರುಪೇರು 31 ಇದ್ದರೆ ಆ ಸರಾಸರಿಯನ್ನು ನಂಬಿ ಬಿತ್ತನೆ ಮಾಡುವ ಹಾಗಿಲ್ಲ.

ಬಹುಲಕ ಅಂತ ಮೂರನೆಯದೊಂದಿದೆ, ಅತಿ ಹೆಚ್ಚು ಸಲ ಬರುವ ಬೆಲೆ. ಎರಡನೇ ವರ್ಷಕ್ಕೆ ಅದು ಸೊನ್ನೆ! ಮಳೆ ವರದಿಯಲ್ಲಿ ಇದನ್ನು ಯಾರೂ ಕೊಡುವುದಿಲ್ಲ. ಆದರೆ ದಾವಣಗೆರೆ ಎಪಿಎಂಸಿಗೆ ಮೆಕ್ಕೆಜೋಳ ಒಯ್ಯುವವರಿಗೆ ಇದರ ಪರಿಚಯ ಇದೆ. ಧಾರಣೆ ಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ ದರದ ಜೊತೆ ಬರುವ ‘ಮಾದರಿ’ ದರ ಇದೇ ಜಾತಿಯದು. ಹೆಚ್ಚಿನ ಮಾಲು ಯಾವ ದರಕ್ಕೆ ಹೋಯಿತು ಎಂದು ಅದು ಹೇಳುತ್ತದೆ. ಮಾರುಕಟ್ಟೆಗೆ ಮೂರು ಅಂಕಿ ಬೇಕು ಅನ್ನಿಸಿದೆ, ಮಳೆಗೆ ಮಾತ್ರ ಒಂದೇ ಸಾಕಾಗಿದೆ.

ಇದು ಊಹೆಯ ಹೋಬಳಿಯ ಕತೆ ಮಾತ್ರ ಅಂದುಕೊಳ್ಳಬೇಡಿ. 2023ರ ಮುಂಗಾರಿನಲ್ಲಿ ದೇಶಕ್ಕೆ ಬಿದ್ದ ಮಳೆ ದೀರ್ಘಾವಧಿ ಸರಾಸರಿಯ ಶೇ 94. ಕೇಳಲು ಅಂಥ ಕೊರತೆ ಅನ್ನಿಸುವುದಿಲ್ಲ. ಆದರೆ ಆ ವರ್ಷದ ಆಗಸ್ಟ್ 1901ರಿಂದ ಈಚೆಗಿನ ಅತ್ಯಂತ ಒಣ ಆಗಸ್ಟ್. ಶೇ 36ರಷ್ಟು ಕೊರತೆ. ಜುಲೈ ಮತ್ತು ಸೆಪ್ಟೆಂಬರ್‌ನಲ್ಲಿ ಬಿದ್ದ ಹೆಚ್ಚಿನ ಮಳೆ ಆ ಹಳ್ಳವನ್ನು ಕಾಗದದ ಮೇಲೆ ಮುಚ್ಚಿತು. ಕರ್ನಾಟಕ ಆ ವರ್ಷ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು.

ಚಿತ್ರದುರ್ಗದ ಮಟ್ಟಿಗೆ ಈ ತೊಂದರೆ ಇನ್ನೂ ಜಾಸ್ತಿ. ಇಲ್ಲಿ ಮಳೆಯ ದೊಡ್ಡ ಪಾಲು ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಬಿತ್ತನೆ ನಡೆಯುವುದು ಜೂನ್, ಜುಲೈನಲ್ಲಿ. ಆರಿದ್ರ, ಪುಷ್ಯ ಕೈಕೊಟ್ಟು ಉತ್ತರೆ ಮಳೆ ಜೋರಾಗಿ ಹಿಡಿದರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರು ಲೆಕ್ಕ ಸರಿಹೋಗಿಬಿಡುತ್ತದೆ. ನಕ್ಷತ್ರದ ಮಳೆಯನ್ನು ಹದಿಮೂರು-ಹದಿನಾಲ್ಕು ದಿನಕ್ಕೊಂದರಂತೆ ಬೇರೆ ಬೇರೆ ಎಣಿಸುವ ರೈತರ ಪದ್ಧತಿಯಲ್ಲಿ ಈ ಗೊಂದಲಕ್ಕೆ ಜಾಗವೇ ಇಲ್ಲ. ಪುಷ್ಯ ಬರಲಿಲ್ಲ ಅಂದರೆ ಬರಲಿಲ್ಲ ಅಷ್ಟೇ, ಉತ್ತರೆ ಬಂದು ಅದನ್ನು ತುಂಬಿಕೊಡುವುದಿಲ್ಲ.

ಒಂದೇ ಗೆರೆ, ಬೇರೆ ಬೇರೆ ನೆಲ

ಇಲ್ಲಿ ನಾರ್ಮಲ್ ಡಿಸ್ಟ್ರಿಬ್ಯೂಷನ್ ಬೇಕಾಗುತ್ತದೆ. ಗಂಟೆಯಾಕಾರದ ರೇಖೆ ಎಂದರೆ ಹಲವರಿಗೆ ನೆನಪಾಗಬಹುದು. ನಡುವೆ ಎತ್ತರ, ಎರಡೂ ಕಡೆ ಒಂದೇ ತರಹ ಇಳಿಜಾರು. 1809ರಲ್ಲಿ ಗೌಸ್ ಇದನ್ನು ಆಕಾಶಕಾಯಗಳ ಅಳತೆಯಲ್ಲಿ ಆಗುವ ತಪ್ಪುಗಳ ಲೆಕ್ಕಕ್ಕೆ ಬಳಸಿದ. ಅಂಕಿಗಳು ಈ ಆಕಾರದಲ್ಲಿದ್ದರೆ ಒಂದು ಅನುಕೂಲವಿದೆ. ಸರಾಸರಿ, ಮಾನಕ ವಿಚಲನೆ ಎರಡು ಗೊತ್ತಿದ್ದರೆ ಉಳಿದದ್ದೆಲ್ಲ ತಾನಾಗಿ ಸಿಗುತ್ತದೆ. ಸರಾಸರಿಯ ಎರಡೂ ಬದಿಗೆ ಒಂದು ಮಾನಕ ವಿಚಲನೆಯ ಒಳಗೆ ಶೇ 68 ಅಂಕಿಗಳು, ಎರಡರ ಒಳಗೆ ಶೇ 95, ಮೂರರ ಒಳಗೆ ಶೇ 99.7.

ಇಡೀ ದೇಶದ ಮುಂಗಾರು ಮಳೆ ಈ ಆಕಾರಕ್ಕೆ ಚೆನ್ನಾಗಿಯೇ ಹೊಂದುತ್ತದೆ. ಅದರ ಮಾನಕ ವಿಚಲನೆ ಸರಾಸರಿಯ ಸುಮಾರು ಶೇ 10. ಹಾಗಾಗಿ ದೇಶದ ಮಟ್ಟದಲ್ಲಿ ಇಲಾಖೆ ಗೆರೆಯನ್ನು ಬಿಗಿಯಾಗಿ ಎಳೆದಿದೆ. ಶೇ 96ರಿಂದ 104 ಇದ್ದರೆ ವಾಡಿಕೆ, 90ಕ್ಕಿಂತ ಕಡಿಮೆ ಇದ್ದರೆ ಕೊರತೆ. ಗಂಟೆಯಾಕಾರದ ಲೆಕ್ಕದಲ್ಲಿ ಮೂರು ವರ್ಷಕ್ಕೊಮ್ಮೆ ವಾಡಿಕೆ, ಆರು ವರ್ಷಕ್ಕೊಮ್ಮೆ ಕೊರತೆ ಬರಬೇಕು.

ಜಿಲ್ಲೆಗಳಿಗೆ ಬಂದಾಗ ಶೇ 19ರ ಗೆರೆ ಕಾರವಾರಕ್ಕೂ ಒಂದೇ, ಮೊಳಕಾಲ್ಮೂರಿಗೂ ಒಂದೇ. ಆದರೆ ಮಳೆ ಕಡಿಮೆ ಇರುವ ಕಡೆ ವರ್ಷದಿಂದ ವರ್ಷಕ್ಕೆ ಏರುಪೇರು ಜಾಸ್ತಿ. ಲೆಕ್ಕಕ್ಕೆ ಎರಡು ಊರು ತೆಗೆದುಕೊಳ್ಳಿ. ಒಂದರ ಮಾನಕ ವಿಚಲನೆ ಅದರ ಸರಾಸರಿಯ ಶೇ 15, ಇನ್ನೊಂದರದು ಶೇ 30. ಮೊದಲ ಊರಿನಲ್ಲಿ 100 ವರ್ಷದಲ್ಲಿ 80 ವರ್ಷ ವಾಡಿಕೆ ಮಳೆ. ಎರಡನೆಯದರಲ್ಲಿ 47 ವರ್ಷ ಮಾತ್ರ. ಅಲ್ಲಿ ನಾಲ್ಕು ವರ್ಷಕ್ಕೊಮ್ಮೆ ಕೊರತೆ, ನಾಲ್ಕು ವರ್ಷಕ್ಕೊಮ್ಮೆ ಅಧಿಕ ಮಳೆ ನಿರೀಕ್ಷಿಸಬೇಕು. ಅಂಥ ಊರಿನಲ್ಲಿ ವಾಡಿಕೆ ಎನ್ನುವುದು ಅರ್ಧಕ್ಕಿಂತ ಹೆಚ್ಚು ವರ್ಷ ಕಾಣಸಿಗದ ಸಂಗತಿ. ಒಣ ಜಿಲ್ಲೆಗೆ ಸರಾಸರಿಯ ಜೊತೆ ಮಾನಕ ವಿಚಲನೆಯನ್ನೂ ಮುದ್ರಿಸದೆ ‘ಶೇ 22 ಕೊರತೆ’ ಎಂದರೆ, ಅದು ಅಪರೂಪದ ಆಘಾತವೋ, ಆಗಾಗ ಆಗುವುದೋ ಎನ್ನುವುದು ಓದುಗರಿಗೆ ತಿಳಿಯುವುದೇ ಇಲ್ಲ.

ವಾರದ ಮಳೆಗೆ ಈ ಗಂಟೆ ಒಪ್ಪುವುದಿಲ್ಲ

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ ಕೊಡಲೇಬೇಕು. ವರ್ಷದ ಒಟ್ಟು ಮಳೆಗೆ ಗಂಟೆಯಾಕಾರ ಹೆಚ್ಚುಕಡಿಮೆ ನಡೆಯುತ್ತದೆ. ವಾರದ, ದಿನದ ಮಳೆಗೆ ನಡೆಯುವುದಿಲ್ಲ.

ನಮ್ಮ ಎರಡನೇ ವರ್ಷವನ್ನೇ ನೋಡಿ. ಸರಾಸರಿ 20, ಮಾನಕ ವಿಚಲನೆ 31.3. ಇದನ್ನು ನಾರ್ಮಲ್ ಎಂದುಕೊಂಡು ಲೆಕ್ಕ ಹಾಕಿದರೆ, ಶೇ 26ರಷ್ಟು ವಾರಗಳಲ್ಲಿ ಮಳೆ ಸೊನ್ನೆಗಿಂತ ಕಡಿಮೆ ಬೀಳಬೇಕು! ಮಳೆ ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ ಅಲ್ವಾ? ಕೆಳಗಡೆ ಗೋಡೆ ಇದೆ, ಮೇಲ್ಗಡೆ ಮಿತಿ ಇಲ್ಲ. ಹಾಗಾಗಿ ಆಕಾರ ಒಂದು ಕಡೆಗೆ ವಾಲುತ್ತದೆ. ಸೊನ್ನೆಯ ಹತ್ತಿರ ಗುಡ್ಡೆ, ಬಲಕ್ಕೆ ಉದ್ದನೆಯ ಬಾಲ. ಆ ಬಾಲದಲ್ಲಿರುವ ಎರಡು-ಮೂರು ದೊಡ್ಡ ಮಳೆ ಸರಾಸರಿಯನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತವೆ. ಮಧ್ಯಾಂಕ ಮಾತ್ರ ಅಲುಗುವುದಿಲ್ಲ.

ಹಾಗಾದರೆ ದೇಶದ ಮಳೆ ಮಾತ್ರ ಗಂಟೆಯಾಕಾರಕ್ಕೆ ಬಂದದ್ದು ಹೇಗೆ? ಸಾವಿರಾರು ಮಳೆಮಾಪಕ, ನೂರಾರು ದಿನಗಳ ಅಂಕಿಯನ್ನು ಕೂಡಿದಾಗ ಒಂದು ಕಡೆಯ ಹೆಚ್ಚು ಇನ್ನೊಂದು ಕಡೆಯ ಕಡಿಮೆಯನ್ನು ಸರಿದೂಗಿಸುತ್ತದೆ. ವಾಲಿದ ಆಕಾರದ ಅಂಕಿಗಳನ್ನೂ ಸಾಕಷ್ಟು ಕೂಡಿದರೆ ಮೊತ್ತ ಗಂಟೆಯಾಕಾರದ ಕಡೆಗೆ ಸರಿಯುತ್ತದೆ ಎನ್ನುವುದು ಸಂಖ್ಯಾಶಾಸ್ತ್ರದ ದೊಡ್ಡ ಪ್ರಮೇಯಗಳಲ್ಲೊಂದು. ಆದರೆ ರೈತ ಸಾವಿರಾರು ಮಾಪಕಗಳ ಮೊತ್ತದ ಮೇಲೆ ಬೇಸಾಯ ಮಾಡುವುದಿಲ್ಲ. ಅವನಿಗೆ ಸಿಗುವುದು ಒಂದು ಹೊಲ, ಒಂದು ಹಂಗಾಮು.

ಈ ವಾಲುವಿಕೆಯನ್ನು ಸರಿಪಡಿಸುವ ದಾರಿಯೂ ಇದೆ. 1993ರಲ್ಲಿ ಅಮೆರಿಕದ ಕೊಲರಾಡೊದ ವಿಜ್ಞಾನಿಗಳು ಎಸ್‌ಪಿಐ ಎಂಬ ಸೂಚ್ಯಂಕ ತಂದರು. ಮೊದಲು ಒಂದು ಊರಿನ ಹಳೆಯ ಮಳೆ ದಾಖಲೆಗೆ ಗಾಮಾ ಎನ್ನುವ ವಾಲಿದ ರೇಖೆಯನ್ನು ಹೊಂದಿಸುತ್ತಾರೆ. ಆಮೇಲೆ ಅದನ್ನು ಗಂಟೆಯಾಕಾರಕ್ಕೆ ಪರಿವರ್ತಿಸಿ, ಈ ಸಲದ ಮಳೆ ಎಷ್ಟು ಮಾನಕ ವಿಚಲನೆಯಷ್ಟು ದೂರ ಇದೆ ಎಂದು ನೋಡುತ್ತಾರೆ. ಮೈನಸ್ 1ಕ್ಕೆ ಇಳಿದರೆ ಸಾಧಾರಣ ಬರ, ಮೈನಸ್ 1.5ಕ್ಕೆ ತೀವ್ರ, ಮೈನಸ್ 2 ದಾಟಿದರೆ ಅತಿ ತೀವ್ರ. ಇಲ್ಲಿ ಕಾರವಾರದ ಏರುಪೇರನ್ನು ಕಾರವಾರದ ಅಳತೆಯಲ್ಲಿ, ಮೊಳಕಾಲ್ಮೂರಿನದನ್ನು ಮೊಳಕಾಲ್ಮೂರಿನ ಅಳತೆಯಲ್ಲಿ ತೂಗಲಾಗುತ್ತದೆ. ಶೇ 19ರ ಗೆರೆಗಿಂತ ಇದು ನ್ಯಾಯವಾದದ್ದು. ಕೇಂದ್ರದ ಬರ ಕೈಪಿಡಿಯಲ್ಲೂ ಇದಕ್ಕೆ ಜಾಗ ಇದೆ. ಪತ್ರಿಕೆಯ ಸುದ್ದಿಯಲ್ಲಿ ಮಾತ್ರ ಕಾಣುವುದು ಅಪರೂಪ.

ಮಾರಿಕಣಿವೆಯ 89 ವರ್ಷ

ಮಾರಿಕಣಿವೆ ಎಂದೂ ಕರೆಯುವ ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷದ ನಂತರ. ಹಾಗಂತ ಇದನ್ನು 89 ವರ್ಷಕ್ಕೊಮ್ಮೆ ಆಗುವ ಘಟನೆ ಎಂದುಕೊಂಡವರಿಗೆ 2025ರ ಜನವರಿಯಲ್ಲೇ ಅದು ಮತ್ತೆ ತುಂಬಿ ಹರಿದದ್ದು ಸೋಜಿಗ ಅನ್ನಿಸಿತು. ಎರಡು ಘಟನೆಯ ನಡುವಿನ ಒಂದೇ ಅಂತರದಿಂದ ಸರಾಸರಿ ಹೇಳಲು ಬರುವುದಿಲ್ಲ ಎನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ಕೆಲವು ವರ್ಷಗಳಿಂದ ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಈ ಜಲಾಶಯಕ್ಕೆ ಬರುತ್ತಿದೆ. ವೇದಾವತಿಯ ಹರಿವನ್ನಷ್ಟೇ ನಂಬಿದ್ದ ಕಾಲದ ಅಂಕಿ ಬೇರೆ, ಈಗಿನದು ಬೇರೆ. ಎರಡನ್ನೂ ಒಂದೇ ಪಟ್ಟಿಗೆ ಹಾಕಿ ಸರಾಸರಿ ತೆಗೆದರೆ ಅದು ಯಾವ ಕಾಲಕ್ಕೂ ಸೇರದ ಉತ್ತರ.

ಗಡಿ ಬದಲಾದರೆ ಸರಾಸರಿಯೂ ಬದಲು

ಹವಾಮಾನ ಇಲಾಖೆಯ ವಿಭಾಗದಲ್ಲಿ ಚಿತ್ರದುರ್ಗ, ದಾವಣಗೆರೆ ಎರಡೂ ‘ದಕ್ಷಿಣ ಒಳನಾಡು’. ಅದೇ ವಿಭಾಗದಲ್ಲಿ ಕೊಡಗು, ಚಿಕ್ಕಮಗಳೂರು, ಶಿವಮೊಗ್ಗವೂ ಇವೆ. ವರ್ಷಕ್ಕೆ ಏಳು ಸಾವಿರ ಮಿ.ಮೀ. ಮೀರುವ ಆಗುಂಬೆ, ಐನೂರರ ಆಸುಪಾಸಿನ ಚಳ್ಳಕೆರೆ, ಎರಡೂ ಒಂದೇ ಸರಾಸರಿಯ ಒಳಗೆ. ಟಿ.ವಿ.ಯಲ್ಲಿ ‘ದಕ್ಷಿಣ ಒಳನಾಡಿನಲ್ಲಿ ವಾಡಿಕೆಗಿಂತ ಹೆಚ್ಚು’ ಎಂದು ಬಂದರೆ ಚಳ್ಳಕೆರೆಯವರು ಅದರಿಂದ ಏನನ್ನೂ ತಿಳಿಯಲಾರರು.

ಜಿಲ್ಲೆಯೂ ಅಂಥದ್ದೇ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು, ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ, ಬಳ್ಳಾರಿಯಿಂದ ಹರಪನಹಳ್ಳಿ ಬಂದವು. 2018ರಲ್ಲಿ ಹರಪನಹಳ್ಳಿ ಮತ್ತೆ ಬಳ್ಳಾರಿಗೆ ಹೋಯಿತು. ಆಕಾಶದಲ್ಲಿ ಏನೂ ಬದಲಾಗದೆ ಜಿಲ್ಲೆಯ ಸರಾಸರಿ ಎರಡು ಸಲ ಬದಲಾಯಿತು. ಮಲೆನಾಡಿಗೆ ಅಂಟಿಕೊಂಡ ಚನ್ನಗಿರಿಯ ಅಡಿಕೆ ತೋಟ, ಜಗಳೂರಿನ ಕೆಂಪು ಹೊಲ ಈಗಲೂ ಒಂದೇ ಲೆಕ್ಕದಲ್ಲಿವೆ.

ಯಾರ ವಾದ ಏನು?

ಹವಾಮಾನ ಇಲಾಖೆಯ ಕಡೆಯ ತರ್ಕ ಸರಳ. ಇಡೀ ದೇಶಕ್ಕೆ ಒಂದೇ ಅಳತೆಗೋಲು ಇರದಿದ್ದರೆ ಹೋಲಿಕೆ ಸಾಧ್ಯವಿಲ್ಲ. ಶೇಕಡಾವಾರು ವ್ಯತ್ಯಾಸ ಯಾರಿಗೂ ಬೇಗ ಅರ್ಥವಾಗುತ್ತದೆ.

ಕೇಂದ್ರ ಸರ್ಕಾರ ಕಟ್ಟುನಿಟ್ಟಿನ ಪರ. 2016ರ ಬರ ಕೈಪಿಡಿಯ ಪ್ರಕಾರ ಮಳೆ ಕೊರತೆ ಅಥವಾ ಎಸ್‌ಪಿಐ, ಜೊತೆಗೆ ಒಣ ಅವಧಿಯನ್ನು ಮೊದಲು ನೋಡಬೇಕು. ಒಣ ಅವಧಿ ಎಂದರೆ ವಾರದ ಮಳೆ ವಾಡಿಕೆಯ ಅರ್ಧಕ್ಕಿಂತ ಕಡಿಮೆ ಇರುವ ಮೂರು-ನಾಲ್ಕು ವಾರ ಸತತವಾಗಿ ಬರುವುದು. ಆಮೇಲೆ ಬಿತ್ತನೆ ಪ್ರದೇಶ, ಮಣ್ಣಿನ ತೇವಾಂಶ, ಉಪಗ್ರಹ ಚಿತ್ರದಲ್ಲಿ ಕಾಣುವ ಹಸಿರು. ಕೊನೆಗೆ ಹಳ್ಳಿಗಳಿಗೆ ಹೋಗಿ ಖುದ್ದು ಪರಿಶೀಲನೆ. ನಮ್ಮ ಊಹೆಯ ಹೋಬಳಿ ಎರಡನೇ ವರ್ಷ ಸರಾಸರಿಯಲ್ಲಿ ಪಾಸಾದರೂ ಒಣ ಅವಧಿಯ ಗೆರೆಯನ್ನು ಧಾರಾಳವಾಗಿ ದಾಟುತ್ತದೆ: ಸತತ ಆರು ವಾರ 10 ಮಿ.ಮೀ.ಗಿಂತ ಕಡಿಮೆ. ಅಂದರೆ ಕೈಪಿಡಿ ಬರೆದವರಿಗೂ ಸರಾಸರಿಯ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲ.

ರಾಜ್ಯದ ತಕರಾರು ಬೇರೆ. ಎಲ್ಲ ಮೆಟ್ಟಿಲು ಹತ್ತಿ ಮುಗಿಸುವ ಹೊತ್ತಿಗೆ ಹಂಗಾಮು ಮುಗಿದಿರುತ್ತದೆ, ಮಾನದಂಡ ಸಡಿಲಿಸಿ ಎಂದು ಕರ್ನಾಟಕ 2023ರಲ್ಲೇ ಕೇಳಿತ್ತು. ರೈತ ಸಂಘಟನೆಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಾಲ್ಲೂಕು ಬೇಡ, ಹೋಬಳಿ ಇಲ್ಲವೇ ಪಂಚಾಯಿತಿ ಮಟ್ಟದಲ್ಲಿ ಲೆಕ್ಕ ಮಾಡಿ ಎನ್ನುತ್ತವೆ. ಈ ಬೇಡಿಕೆಯಲ್ಲಿ ಹುರುಳಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯಿತಿ ಮಟ್ಟದಲ್ಲೇ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕ ಇಟ್ಟಿದೆ, ಅಂಕಿಗೆ ಬರವಿಲ್ಲ. ಒಂದು ಅಡ್ಡಿ ಮಾತ್ರ ನಿಜವಾದದ್ದು. ಎಸ್‌ಪಿಐಗೆ ಕನಿಷ್ಠ 30 ವರ್ಷದ ದಾಖಲೆ ಬೇಕು. ಇತ್ತೀಚೆಗೆ ನೆಟ್ಟ ಮಾಪಕಗಳ ಬಳಿ ಅಷ್ಟು ಹಿಂದಿನ ನೆನಪಿಲ್ಲ.

ದುಡ್ಡಿನ ಲೆಕ್ಕ

2023ರ ಬರಕ್ಕೆ ಕರ್ನಾಟಕ ಕೇಂದ್ರದಿಂದ ಕೇಳಿದ್ದು 18,171 ಕೋಟಿ ರೂಪಾಯಿ. 2024ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಮೇಲೆ ಬಿಡುಗಡೆಯಾದದ್ದು ಸುಮಾರು 3,450 ಕೋಟಿ. ಯಾವ ಅಂಕಿಯನ್ನು ಹಾನಿ ಎಂದು ಒಪ್ಪುತ್ತೇವೆ ಎನ್ನುವ ಜಗಳ ಇಲ್ಲಿಯವರೆಗೆ ಹೋಗುತ್ತದೆ.

ಬೆಳೆ ವಿಮೆಯಲ್ಲಿ ಸರಾಸರಿಯ ಆಟ ಇನ್ನೂ ಹತ್ತಿರದಿಂದ ಕಾಣುತ್ತದೆ. ಫಸಲ್ ಬಿಮಾ ಯೋಜನೆಯಲ್ಲಿ ಹಿಂದಿನ ಏಳು ವರ್ಷಗಳ ಇಳುವರಿಯಲ್ಲಿ ಒಳ್ಳೆಯ ಐದು ವರ್ಷಗಳ ಸರಾಸರಿ ತೆಗೆದು, ಅದರ ಶೇ 70, 80 ಇಲ್ಲವೇ 90ನ್ನು ಗೆರೆಯಾಗಿ ಇಡುತ್ತಾರೆ. ಒಂದು ಪಂಚಾಯಿತಿಯ ಶೇಂಗಾ ಇಳುವರಿ ಎಕರೆಗೆ 6, 2, 5, 1, 7, 4, 3 ಕ್ವಿಂಟಲ್ ಇತ್ತು ಎನ್ನಿ. ಏಳೂ ಸೇರಿದರೆ ಸರಾಸರಿ 4. ಒಳ್ಳೆಯ ಐದಕ್ಕೆ ಸರಾಸರಿ 5. ಶೇ 80ರ ಲೆಕ್ಕದಲ್ಲಿ ಗೆರೆ 4 ಕ್ವಿಂಟಲ್. ಕೆಟ್ಟ ವರ್ಷಗಳನ್ನು ಬಿಡುವುದರಿಂದ ರೈತರಿಗೆ ಅನುಕೂಲವೇ.

ಈ ವರ್ಷದ ಇಳುವರಿ ತಿಳಿಯಲು ಪಂಚಾಯಿತಿಯಲ್ಲಿ ಕೆಲವು ಹೊಲಗಳನ್ನು ಆರಿಸಿ ಬೆಳೆ ಕಟಾವು ಪ್ರಯೋಗ ಮಾಡುತ್ತಾರೆ. ನಾಲ್ಕು ಹೊಲಗಳಲ್ಲಿ 1, 2, 5, 9 ಕ್ವಿಂಟಲ್ ಬಂತು ಎಂದುಕೊಳ್ಳಿ. ಪಂಚಾಯಿತಿಯ ಒಂದು ಮೂಲೆಗೆ ಮಳೆ ಸಿಕ್ಕಿ ಇನ್ನೊಂದು ಮೂಲೆಗೆ ಸಿಗದಿದ್ದರೆ ಇದು ಆಗುವಂಥದ್ದೇ. ಸರಾಸರಿ 4.25. ಗೆರೆಗಿಂತ ಮೇಲೆ. ಯಾರಿಗೂ ಪರಿಹಾರ ಇಲ್ಲ, ಒಂದು ಕ್ವಿಂಟಲ್ ಬಂದವನಿಗೂ ಇಲ್ಲ. ಮಧ್ಯಾಂಕ ತೆಗೆದಿದ್ದರೆ 3.5; ಎಲ್ಲರಿಗೂ ಒಂದಷ್ಟು ಸಿಗುತ್ತಿತ್ತು. ಆದರೆ ಮಧ್ಯಾಂಕವೂ ಎಲ್ಲ ಕಡೆ ರೈತರ ಪರವಾಗಿಯೇ ಬರುತ್ತದೆ ಎನ್ನಲಾಗದು. ಅಂಕಿಗಳು ಇನ್ನೊಂದು ಕಡೆ ವಾಲಿದ್ದರೆ ಸರಾಸರಿಯೇ ಕೆಳಗಿರುತ್ತದೆ. ಒಂದೇ ಅಂಕಿ ಇಡೀ ಪಂಚಾಯಿತಿಯ ಹಣೆಬರಹ ಬರೆಯುವವರೆಗೆ ಈ ತಕರಾರು ತಪ್ಪುವುದಿಲ್ಲ. ಹೊಲ ಹೊಲಕ್ಕೂ ಅಳೆಯಲು ಹೊರಟರೆ ಖರ್ಚೂ ಹೆಚ್ಚು, ಅಕ್ರಮಕ್ಕೆ ದಾರಿಯೂ ಹೆಚ್ಚು ಎನ್ನುವುದು ವಿಮಾ ಕಂಪನಿಗಳ ಮಾತು. ಅದನ್ನೂ ತಳ್ಳಿಹಾಕುವಂತಿಲ್ಲ.

ಮುಂದೆ ವಾಡಿಕೆಯೇ ಬದಲಾಗುತ್ತದೆ

ವಾಡಿಕೆಯ ಆಧಾರ ಅವಧಿಯನ್ನು ಇಲಾಖೆ ಆಗಾಗ ಮುಂದಕ್ಕೆ ಸರಿಸುತ್ತದೆ. 1961ರಿಂದ 2010ರ ಲೆಕ್ಕದಲ್ಲಿ ದೇಶದ ಮುಂಗಾರಿನ ಸರಾಸರಿ 880.6 ಮಿ.ಮೀ. ಇತ್ತು. 1971ರಿಂದ 2020ಕ್ಕೆ ಸರಿಸಿದಾಗ 868.6ಕ್ಕೆ ಇಳಿಯಿತು. ದೇಶದ ಮಟ್ಟದಲ್ಲಿ ಇದು ಸಣ್ಣ ವ್ಯತ್ಯಾಸ. ಒಣ ತಾಲ್ಲೂಕಿನಲ್ಲಿ ಹಾಗಲ್ಲ. 400 ಮಿ.ಮೀ. ವಾಡಿಕೆ ಇದ್ದ ಕಡೆ 315 ಬಿದ್ದರೆ ಶೇ 21 ಕೊರತೆ. ವಾಡಿಕೆಯನ್ನೇ 385ಕ್ಕೆ ಇಳಿಸಿದರೆ ಅದೇ 315 ಮಿ.ಮೀ. ಶೇ 18ರ ವ್ಯತ್ಯಾಸವಾಗಿ ವಾಡಿಕೆಯ ಪಟ್ಟಿಯೊಳಗೆ ಬಂದು ಕೂರುತ್ತದೆ. ಆಧಾರ ಅವಧಿ ಇನ್ನೊಮ್ಮೆ ಸರಿದಾಗ ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರಿನವರು ಮೊದಲು ತೆಗೆದು ನೋಡಬೇಕಾದ್ದು ಆ ವರ್ಷದ ಮಳೆಯ ಪಟ್ಟಿಯನ್ನಲ್ಲ, ಹೊಸ ವಾಡಿಕೆಯ ಪಟ್ಟಿಯನ್ನು.